ರಿವ್ಯೂ ಶೀಟಿನ ಹನ್ನೊಂದನೇ ಸಾಲು

ನಾನು ಹೇಳಿದೆ ಎಂದು ಆ ಹಾಳೆಯಲ್ಲಿ ಬರೆದಿತ್ತು. ಯಾವ ತಾರೀಕು, ಯಾರಿಗೆ, ಏನು ಹೇಳಿದೆ ಎಂಬುದೆಲ್ಲ ಅದರಲ್ಲಿತ್ತು. ನಾನು ಹೇಳಿದ್ದನ್ನು ಅವಳು ಒಪ್ಪಿಕೊಂಡಳು ಎಂದೂ ಇತ್ತು. ಸಾಲಿನ ಕೊನೆಯ ಚೌಕದಲ್ಲಿ ನನ್ನ ಇನಿಷಿಯಲ್ ಇತ್ತು. ಅದನ್ನು ಟೈಪ್ ಮಾಡಿದವನು ನಾನಲ್ಲ.

ಇಷ್ಟು ವರ್ಷವಾದ ಮೇಲೂ ಇದನ್ನು ಬರೆಯಲು ಕುಳಿತರೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಮೊದಲು ನಮ್ಮ ಟೀಮ್ ಲೀಡ್ ಮೇಲೆ ಎನ್ನುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ನನ್ನದೇ ತಲೆಯ ಮೇಲೆ. ದೆಹಲಿಯ ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಪಕ್ಕದ ವಿಶ್ವವಿದ್ಯಾಲಯದಲ್ಲಿ ಓದಿದ ಮೂರು ವರ್ಷ ನನ್ನ ಮೇಷ್ಟರುಗಳು ನನಗೆ ಕಲಿಸಿದ್ದು ಒಂದೇ ಪ್ರಶ್ನೆ: ಇದು ನಿನಗೆ ಹೇಗೆ ಗೊತ್ತು? ಅದನ್ನು ನಾನು ಎಲ್ಲರ ಮೇಲೂ ಎಸೆಯುತ್ತಿದ್ದೆ. ಊಟಕ್ಕೆ ಹೋಗುತ್ತಿದ್ದ ಹಾಸ್ಟೆಲ್ ಮೆಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರದಷ್ಟು ಎಸೆಯುತ್ತಿದ್ದೆ. ನನ್ನ ಮೇಲೆಯೇ ಎಸೆದುಕೊಳ್ಳಬೇಕಾಗಿ ಬಂದದ್ದು ನೋಯ್ಡಾದ ಆ ಆಫೀಸಿನಲ್ಲಿ.

ಮಯೂರ್ ವಿಹಾರದ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳವು. ನಾನು ಅಲ್ಲೇ ಒಂದು ಸೊಸೈಟಿ ಫ್ಲ್ಯಾಟಿನಲ್ಲಿ ಇನ್ನಿಬ್ಬರ ಜೊತೆ ಇದ್ದೆ. ಬೆಳಿಗ್ಗೆ ಆ ಕಂಬಗಳ ಧೂಳು ಕುಡಿದುಕೊಂಡು ಬೈಕಿನಲ್ಲಿ ನೋಯ್ಡಾಕ್ಕೆ ಹೋಗುತ್ತಿದ್ದೆ. ನಮ್ಮ ಕೆಲಸ ಟೀವಿಯ ಕೆಳಗೆ ಇಡುವ ಸೆಟ್‌ಟಾಪ್ ಬಾಕ್ಸಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು. ಬರೆಸುತ್ತಿದ್ದ ಕಂಪನಿ ಹೊರದೇಶದ್ದು.

ಒಪ್ಪಿಕೊಂಡಳು ಎಂದು ಆ ಹಾಳೆ ಹೇಳುತ್ತಿದ್ದ ಅವಳು ನಮ್ಮ ಟೀಮಿಗೆ ಸೇರಿದ್ದು ನನ್ನಿಂದ. ಅವಳ ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮನೆ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್. ನಾನು ಮುನಿರ್ಕಾದಲ್ಲಿದ್ದಾಗ ಹಬ್ಬ ಬಂತೆಂದರೆ ರಸ್ತೆ ದಾಟಿ ಅವರ ಮನೆಯಲ್ಲಿ ಊಟಕ್ಕೆ ಹಾಜರಾಗುತ್ತಿದ್ದೆ. ಆಗ ಅವಳಿನ್ನೂ ಶಾಲೆಯ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತು ಮಾತ್ರ ಅರ್ಧಕ್ಕೆ ಬಂದು ಹಿಂದಿಗೆ ಹೊರಳುತ್ತಿತ್ತು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ಇಂಜಿನಿಯರಿಂಗ್ ಮುಗಿಸಿದ ಮೇಲೆ ಅವಳ ಬಯೋಡೇಟಾವನ್ನು ಆಫೀಸಿಗೆ ಕೊಟ್ಟವನು ನಾನೇ. ಕೆಲಸ ಸಿಕ್ಕಿತು, ಒಂದು ವರ್ಷದ ಪ್ರೊಬೇಷನ್. ಆಫೀಸಿನಲ್ಲಿ ನನ್ನನ್ನು ಸರ್ ಎನ್ನಬೇಕೆಂದು ಅವಳಿಗೆ ಅವಳ ಅಪ್ಪ ಹೇಳಿಕೊಟ್ಟಿದ್ದರು. ಹಾಗೆಯೇ ಅನ್ನುತ್ತಿದ್ದಳು; ಟೀ ಕುಡಿಯಲು ಕೆಳಗೆ ರಸ್ತೆಗೆ ಇಳಿದ ಕೂಡಲೇ ಮತ್ತೆ ಅಣ್ಣ.

ಕೆಟ್ಟದ್ದು ಎಲ್ಲಿ ಎಂದು ಹೇಳಬೇಕಾದರೆ ಸ್ವಲ್ಪ ಕಸುಬಿನ ಮಾತು ಬೇಕು. ಆ ಬಾಕ್ಸಿನೊಳಗೆ ಹಲವು ಪ್ರೋಗ್ರಾಂಗಳು ಏಕಕಾಲಕ್ಕೆ ಓಡುತ್ತಿರುತ್ತವೆ. ಅವು ಒಂದರೊಡನೊಂದು ನೇರ ಮಾತನಾಡುವುದಿಲ್ಲ. ನಡುವೆ ಮೆಸೇಜ್ ಬಸ್ ಎಂಬ ವ್ಯವಸ್ಥೆ ಇರುತ್ತದೆ. ಹೇಳಬೇಕಾದ್ದನ್ನು ಅದಕ್ಕೆ ಕೊಟ್ಟರೆ ಅದು ತಲುಪಿಸುತ್ತದೆ. ಹಾಗೆ ಕೊಡಲು ಒಂದು ಕನೆಕ್ಷನ್ ಬೇಕು. ಕನೆಕ್ಷನ್‌ನ ಒಳಗೆ ಒಂದು ಎಣಿಕೆ ಇರುತ್ತದೆ. ಯಾರಾದರೂ ಅದನ್ನು ಹಿಡಿದುಕೊಂಡರೆ ಎಣಿಕೆ ಒಂದು ಏರುತ್ತದೆ, ಬಿಟ್ಟರೆ ಒಂದು ಇಳಿಯುತ್ತದೆ, ಸೊನ್ನೆಗೆ ಬಂದಾಗ ಆ ವಸ್ತು ಅಳಿಯುತ್ತದೆ. ಏರಿಸುವುದು, ಇಳಿಸುವುದು ಬರೆಯುವವನ ಜವಾಬ್ದಾರಿ. ಸಿ ಭಾಷೆ ಯಾರಿಗೂ ನೆನಪು ಮಾಡಿಕೊಡುವುದಿಲ್ಲ.

ಕನೆಕ್ಷನ್‌ನಲ್ಲಿ ಎರಡು ಬಗೆ. ಒಂದು ಖಾಸಗಿ: ನೀನೇ ತೆರೆದದ್ದು, ಆದ್ದರಿಂದ ಮುಗಿದ ಮೇಲೆ ನೀನೇ ಮುಚ್ಚಿ ಆಮೇಲೆ ಎಣಿಕೆ ಇಳಿಸಬೇಕು. ಇನ್ನೊಂದು ಹಂಚಿಕೆಯದು: ಒಂದು ಪ್ರೋಗ್ರಾಂನ ಎಲ್ಲ ಭಾಗಗಳೂ ಅದೊಂದನ್ನೇ ಬಳಸುತ್ತವೆ. ಅಲ್ಲಿ ನಿನ್ನ ಪಾಲಿನ ಎಣಿಕೆಯನ್ನು ಇಳಿಸಿ ಸುಮ್ಮನೆ ಎದ್ದು ಹೋಗಬೇಕು, ಮುಚ್ಚಕೂಡದು. ನಮ್ಮ ಸೊಸೈಟಿಯಲ್ಲಿ ಒಬ್ಬರು ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ತಮ್ಮ ಮನೆಯ ನಲ್ಲಿಯ ಬದಲು ತಾರಸಿಯ ಮೇನ್ ವಾಲ್ವ್ ತಿರುಗಿಸಿ ಹೋಗಿದ್ದರು. ಹದಿನಾರು ಮನೆಗೆ ನೀರಿಲ್ಲ. ಹಂಚಿಕೆಯ ಕನೆಕ್ಷನ್ ಮುಚ್ಚುವುದೆಂದರೆ ಅದೇ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಹಂಚಿಕೆಯ ಕನೆಕ್ಷನ್ ಕಡಿದುಹೋಯಿತೆಂದರೆ, ಬೇರೆ ಏನೂ ಹೇಳದಿದ್ದಲ್ಲಿ, ಬಸ್ ಬಳಸಲು ಕೊಟ್ಟಿರುವ ಸಿದ್ಧ ಕೋಡು, ಅಂದರೆ ಲೈಬ್ರರಿ, ಇಡೀ ಪ್ರೋಗ್ರಾಂ ಅನ್ನೇ ಮುಗಿಸಿಬಿಡುತ್ತದೆ. ಸದ್ದಿಲ್ಲದೆ. ಹಂಚಿಕೆಯದನ್ನು ಮುಚ್ಚಲು ಹೋದರೆ ಬೈಯುವ ಎಚ್ಚರಿಕೆಯೊಂದು ಲೈಬ್ರರಿಯಲ್ಲಿತ್ತು. ಬಾಕ್ಸಿನಲ್ಲಿ ಜಾಗ ಉಳಿಯಲಿ ಎಂದು ನಮ್ಮ ಲೀಡ್ ಅಂಥ ಎಚ್ಚರಿಕೆಗಳನ್ನೆಲ್ಲ ತೆಗೆಸಿ ಬಿಲ್ಡ್ ಮಾಡಿಸಿದ್ದ.

ಹೊರದೇಶದಿಂದ ಗ್ರಾಹಕರು ಬಂದ ದಿನ ನಾವೆಲ್ಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆವು. ಕಾನ್ಫರೆನ್ಸ್ ಕೋಣೆಯಲ್ಲಿ ದೊಡ್ಡ ಟೀವಿ. ಲೀಡ್ ರಿಮೋಟ್ ಹಿಡಿದು ಚಾನೆಲ್ ಪಟ್ಟಿ ತೋರಿಸಿದ. ಅದು ಅವಳು ಬರೆದ ಭಾಗ. ಚೆನ್ನಾಗಿತ್ತು, ಸರಾಗವಾಗಿ ಜಾರುತ್ತಿತ್ತು. ಬಂದವರಲ್ಲಿ ಒಬ್ಬಾತ ರಿಮೋಟ್ ಕೇಳಿ ತೆಗೆದುಕೊಂಡು ಹಿಂದಕ್ಕೆ ಹೋಗುವ ಗುಂಡಿ ಒತ್ತಿದ.

ಪರದೆ ಕಪ್ಪಾಯಿತು.

"ವೋಲ್ಟೇಜ್, ಸರ್," ಎಂದ ಲೀಡ್. "ನಮ್ಮ ಕಡೆ ಇದೊಂದು ಸಮಸ್ಯೆ."

ಕೋಣೆಯ ದೀಪಗಳು, ಏಸಿ, ಟೀವಿಯ ಕೆಂಪು ಚುಕ್ಕಿ ಎಲ್ಲವೂ ಉರಿಯುತ್ತಿದ್ದವು. ಆತ ಬಾಕ್ಸನ್ನು ಮತ್ತೆ ಶುರು ಮಾಡಿಸಿ, ಪಟ್ಟಿಗೆ ಹೋಗಿ, ಅದೇ ಗುಂಡಿ ಒತ್ತಿದ. ಮತ್ತೆ ಕಪ್ಪು. ಆತ ರಿಮೋಟನ್ನು ಮೇಜಿನ ಮೇಲೆ ಇಟ್ಟ ರೀತಿ ನನಗೆ ನೆನಪಿದೆ, ಗುಂಡಿಗಳು ಕೆಳಮುಖವಾಗಿ. ಅಥವಾ ನೆನಪಿದೆ ಎಂದುಕೊಂಡಿದ್ದೇನೆ.

ನಾಲ್ಕು ತಿಂಗಳು ಪರೀಕ್ಷೆ ಮಾಡಿದ ಬಾಕ್ಸ್ ಒಂದು ಗುಂಡಿಗೆ ಸತ್ತಿತು. ಕಾರಣ ಆಮೇಲೆ ತಿಳಿಯಿತು. ನಮ್ಮ ಟೆಸ್ಟಿಂಗ್‌ನವರು ಪ್ರತಿ ಪರೀಕ್ಷೆ ಮುಗಿದ ಮೇಲೆ ಹಿಂದಕ್ಕೆ ಹೋಗುವ ಗುಂಡಿ ಒತ್ತುತ್ತಲೇ ಇರಲಿಲ್ಲ. ಗೋಡೆಯ ಸ್ವಿಚ್ ಆರಿಸುತ್ತಿದ್ದರು. ಅದು ಬೇಗ ಆಗುತ್ತಿತ್ತು.

ನಾಲ್ಕು ದಿನ ಎಂಟು ಜನ ಹುಡುಕಿದೆವು. ಎಲ್ಲರೂ ಹುಡುಕಿದ್ದು ಪ್ರೋಗ್ರಾಂ ಅಪಘಾತವಾಗಿ ಬಿದ್ದಾಗ ಬಿಟ್ಟುಹೋಗುವ ಫೈಲನ್ನು. ಅಂಥದ್ದು ಇರಲೇ ಇಲ್ಲ. ಪ್ರೋಗ್ರಾಂಗಳು ತಮ್ಮ ಹೆಜ್ಜೆಗಳನ್ನು ಬರೆದಿಡುವ ಲಾಗ್‌ನ ಕೊನೆಯಲ್ಲಿ ಒಂದೇ ಸಾಲು: ರೆಕಾರ್ಡರ್ ಕನೆಕ್ಷನ್ ಮುಚ್ಚುತ್ತಿದೆ. ರೆಕಾರ್ಡರ್ ಎಂಬುದು ನನ್ನ ಪ್ರೋಗ್ರಾಂ, ಆ ಸಾಲು ನಾನೇ ಬರೆದದ್ದು. ಅದರದು ಖಾಸಗಿ ಕನೆಕ್ಷನ್, ಅದು ಮುಚ್ಚಬೇಕಾದದ್ದೇ. ಲೀಡ್ ಎರಡು ಸಲ ನನ್ನ ಸೀಟಿಗೆ ಬಂದು, "ನಿನ್ನ ರೆಕಾರ್ಡರ್ ಏನೋ ಕಿತಾಪತಿ ಮಾಡ್ತಿದೆ ಭಾಯ್," ಎಂದ. ಪರದೆ ಸತ್ತದ್ದಕ್ಕೆ ರೆಕಾರ್ಡರ್ ತಾನಾಗಿ ಎದ್ದು ಹೋಗುತ್ತಿದೆ, ಅದು ಕಾರಣವಲ್ಲ, ಪರಿಣಾಮ ಎಂದು ಎರಡು ದಿನ ವಾದಿಸಿದೆ. ಗೆದ್ದೆ ಕೂಡ.

ಐದನೇ ದಿನ ಊಟವಾದ ಮೇಲೆ ಅವಳು ನನ್ನ ಸೀಟಿನ ಬಳಿ ಬಂದು ನಿಂತಳು.

"ಸರ್, ಅದು ಕ್ರ್ಯಾಶ್ ಆಗ್ತಾನೇ ಇಲ್ಲ."

"ಮತ್ತೆ?"

"ತಾನೇ ಹೋಗ್ತಾ ಇದೆ. ಎಕ್ಸಿಟ್ ಕೋಡ್ ಒಂದು ಅಂತ ಬರೆದಿಟ್ಟೇ ಹೋಗ್ತಿದೆ. ಯಾರೋ ಮನೆಯಿಂದ ಚಪ್ಪಲಿ ಹಾಕ್ಕೊಂಡು ಆರಾಮ್ ಸೇ ಹೊರಗೆ ಹೋದ ಹಾಗೆ. ನಾವು ಪೊಲೀಸ್ ಕರೀತಾ ಇದೀವಿ."

ನಾನು ನಕ್ಕೆ. ಅವಳು ನಗಲಿಲ್ಲ.

"ಮುಚ್ತಾ ಇರೋದು ನಾನೇ, ಸರ್. ನನ್ನ ಫೈಲಲ್ಲಿ. ಪಟ್ಟಿಯಿಂದ ಹಿಂದಕ್ಕೆ ಹೋಗುವಾಗ ಹಂಚಿಕೆ ಕನೆಕ್ಷನ್ನ ಕ್ಲೋಸ್ ಮಾಡಿಬಿಟ್ಟಿದೀನಿ."

ಅವಳು ಆ ಸಾಲು ತೆಗೆದಳು. ಬಾಕ್ಸ್ ಸಾಯುವುದನ್ನು ನಿಲ್ಲಿಸಿತು. ಅವಳು ಇಡೀ ಟೀಮಿಗೆ ಮೇಲ್ ಹಾಕಿದಳು: ತಪ್ಪು ನನ್ನ ಫೈಲಿನಲ್ಲಿತ್ತು, ಸರಿಪಡಿಸಿದ್ದೇನೆ, ನಾಲ್ಕು ದಿನ ಎಲ್ಲರಿಗೂ ತೊಂದರೆಯಾಯಿತು, ಕ್ಷಮಿಸಿ. ನಾನು ಆ ಮೇಲ್ ಓದಿ ಹೆಮ್ಮೆಪಟ್ಟೆ. ಎಂಥ ಮೂರ್ಖ ನಾನು. ಎಂಟು ಜನರ ಪೈಕಿ ದೋಷವನ್ನು ಕಂಡುಹಿಡಿದವಳು ಅವಳೊಬ್ಬಳು. ಮೇಲೆ ಕಳಿಸಿದ ವರದಿಯಲ್ಲಿ ಆ ಮೇಲನ್ನು ಲೀಡ್ ತಪ್ಪೊಪ್ಪಿಗೆ ಎಂದು ಲಗತ್ತಿಸಿದ. ಅವಳ ಪ್ರೊಬೇಷನ್ ಮುಗಿಯಲು ಮೂರು ವಾರವಿತ್ತು.

ಆಮೇಲೆ ಗ್ರಾಹಕರು ಒಂದು ಪ್ರಶ್ನೆ ಕೇಳಿದರು. ನಿಮ್ಮಲ್ಲಿ ಪ್ರತಿ ಫೈಲನ್ನೂ ಇನ್ನೊಬ್ಬರು ಓದಿ ಪರಿಶೀಲಿಸುತ್ತಾರಲ್ಲ, ಇದು ಅಲ್ಲಿ ಏಕೆ ಸಿಗಲಿಲ್ಲ?

ಈಗ ನಮ್ಮ ಪರಿಶೀಲನೆಯ ಬಗ್ಗೆ ಹೇಳಬೇಕು. ಪ್ರತಿ ಫೈಲಿಗೂ ಒಂದು ಎಕ್ಸೆಲ್ ಹಾಳೆ ಇರಬೇಕೆಂಬ ಕರಾರಿತ್ತು. ಓದಿದವನ ಟೀಕೆ, ಬರೆದವನ ಉತ್ತರ, ಇನಿಷಿಯಲ್. ಅದಕ್ಕೆ ರಿವ್ಯೂ ಶೀಟ್ ಎಂದು ಹೆಸರು. ನಿಜದಲ್ಲಿ ನಾವು ಟೀ ಲೋಟ ಹಿಡಿದುಕೊಂಡು ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತು ಎರಡು ನಿಮಿಷ ನೋಡುತ್ತಿದ್ದೆವು. ಎಷ್ಟೋ ಸಲ ಅದೂ ಇಲ್ಲ. ಆಡಿಟರ್ ಬರುವ ಹಿಂದಿನ ದಿನ ಎಲ್ಲರೂ ಹಾಳೆಗಳನ್ನು ಹಂಚಿಕೊಂಡು ಒಂದೇ ಮಧ್ಯಾಹ್ನ ಭರ್ತಿ ಮಾಡುತ್ತಿದ್ದೆವು. ಸಮೋಸಾ ಬರುತ್ತಿತ್ತು. ಅಂದಿಗೆ ಅದೊಂದು ಹಬ್ಬ. ವೇರಿಯಬಲ್ ಹೆಸರು ಬದಲಿಸಿ, ಇಲ್ಲೊಂದು ವಿವರಣೆ ಸೇರಿಸಿ, ಈ ಸಾಲು ಉದ್ದವಾಯಿತು ಎಂದು ಬಾಯಿಗೆ ಬಂದದ್ದನ್ನು ಬರೆಯುತ್ತಿದ್ದೆವು. ಫೈಲಿಗೆ ಹತ್ತು ಸಾಲು ಎಂಬುದು ಲೀಡ್ ಮಾಡಿದ ನಿಯಮ. "ಹತ್ತಕ್ಕಿಂತ ಕಡಿಮೆ ಇದ್ರೆ ಓದಿಲ್ಲ ಅಂತಾರೆ. ಜಾಸ್ತಿ ಇದ್ರೆ ಬರೆದವನಿಗೆ ಕೆಲಸ ಬರಲ್ಲ ಅಂತಾರೆ. ಹತ್ತು." ಎಲ್ಲ ಹಾಳೆಗಳಲ್ಲೂ ಹತ್ತೇ ಸಾಲು. ಯಾವ ಆಡಿಟರನಿಗೂ ಅದು ವಿಚಿತ್ರವೆನಿಸಲಿಲ್ಲ.

ಅವಳ ಚಾನೆಲ್ ಪಟ್ಟಿಯ ಹಾಳೆಯನ್ನು ತುಂಬಿದವನು ನಾನು. ಹತ್ತು ಸಾಲು.

ಲೀಡ್ ನನ್ನನ್ನು ತನ್ನ ಗಾಜಿನ ಕೋಣೆಗೆ ಕರೆದು ಮಾನಿಟರನ್ನು ನನ್ನ ಕಡೆ ತಿರುಗಿಸಿದ. ಹಾಳೆಯಲ್ಲಿ ಹನ್ನೊಂದು ಸಾಲಿತ್ತು. ಹನ್ನೊಂದನೆಯದು ಹೀಗೆ: ಹಂಚಿಕೆಯ ಕನೆಕ್ಷನ್ ಅನ್ನು ಮುಚ್ಚಬಾರದು, ಎಣಿಕೆ ಇಳಿಸಿದರೆ ಸಾಕು. ಬರೆದವರಿಗೆ ಬಾಯಿಮಾತಿನಲ್ಲಿ ತಿಳಿಸಲಾಗಿದೆ. ಒಪ್ಪಿದ್ದಾರೆ.

"ಇದನ್ನ ನಾನು ಬರೆದಿಲ್ಲ," ಎಂದೆ.

"ಬರೆದಿಲ್ಲ ಬಿಡು ಯಾರ್. ಹೇಳಿದ್ದೆ ತಾನೇ? ನಿನಗಿಂತ ಚೆನ್ನಾಗಿ ಈ ಬಸ್ ವಿಷಯ ಗೊತ್ತಿರೋರು ಇಲ್ಲಿ ಯಾರಿದ್ದಾರೆ? ನೀನು ನೋಡಿದ ಮೇಲೆ ಹೇಳದೆ ಇರ್ತೀಯಾ?"

"ನೆನಪಿಲ್ಲ."

"ನೆನಪು ಮಾಡಿಕೋ. ಅವಳ ಹಿಂದೆ ನಿಂತಿದ್ದೆ. ಕೈಯಲ್ಲಿ ಟೀ ಇತ್ತು."

ಇಲ್ಲಿ ನಡೆದದ್ದಕ್ಕೆ ನನ್ನನ್ನು ನಾನೇ ಎಷ್ಟು ಸಲ ಬೈದುಕೊಂಡಿದ್ದೇನೋ. ಅವನು ಹೇಳಿದ ಕೂಡಲೇ ನನಗೆ ಕಾಣಿಸಿತು. ಅವಳ ಕುರ್ಚಿಯ ಬೆನ್ನು, ಅದರ ಮೇಲೆ ಹಾಕಿದ್ದ ಹಳದಿ ದುಪಟ್ಟಾ, ಪರದೆಯ ಮೇಲೆ ಆ ಸಾಲು, ಪೆನ್ಸಿಲಿನ ತುದಿಯಿಂದ ನಾನು ಅದನ್ನು ತಟ್ಟಿದ್ದು, ಅವಳು ತಲೆಯಾಡಿಸಿದ್ದು. ಪೆನ್ಸಿಲ್ ಕೂಡ ಕಾಣಿಸಿತು! ಒಂದು ನಿಮಿಷದ ಹಿಂದೆ ಇರದಿದ್ದ ನೆನಪು. ನನ್ನನ್ನು ಉಳಿಸುವ ನೆನಪು, ಅವಳನ್ನು ಮುಳುಗಿಸುವ ನೆನಪು, ಪೂರ್ತಿ ಸಿದ್ಧವಾಗಿ ಬಣ್ಣ ಬಳಿದುಕೊಂಡು ಬಂದು ಕೂತಿತ್ತು. ನಿನಗೆ ಹೇಗೆ ಗೊತ್ತು ಎಂದು ಊರಿಗೆಲ್ಲ ಕೇಳುತ್ತಿದ್ದವನು ಅರ್ಧ ನಿಮಿಷ ಅದನ್ನು ನಂಬಿದೆ. ಹಾಯೆನಿಸಿತು ಕೂಡ. ಅದೇ ನನಗೆ ಇಂದಿಗೂ ನುಂಗಲಾಗದ ಸಂಗತಿ.

ಕೋಣೆಯಿಂದ ಹೊರಬಂದ ಮೇಲೆ ಹಾಳೆಯ ತಲೆಯಲ್ಲಿದ್ದ ತಾರೀಕು ನೆನಪಾಯಿತು. ಆ ದಿನ ನಾನು ಆಫೀಸಿನಲ್ಲೇ ಇರಲಿಲ್ಲ ಎಂಬ ಗುಮಾನಿ. ಮನೆಗೆ ಹೋಗಿ ಟ್ರಂಕು ತೆಗೆದು ನೋಡಿದೆ: ಪದವಿ ಪ್ರಮಾಣಪತ್ರ ತರಲು ವಿಶ್ವವಿದ್ಯಾಲಯದ ಆಫೀಸಿಗೆ ಹೋಗಿದ್ದೆ, ಅಲ್ಲಿಯ ಸೀಲು ಬಿದ್ದ ಚೀಟಿ ಇತ್ತು, ಅದೇ ತಾರೀಕು. ಮರುದಿನ ಆ ಚೀಟಿಯನ್ನು ಲೀಡ್‌ನ ಮೇಜಿನ ಮೇಲೆ ಹೊಡೆದ ಹಾಗೆ ಇಟ್ಟೆ.

ಅವನು ಚೀಟಿ ನೋಡಿದ. ನನ್ನನ್ನು ನೋಡಿದ. ಅವನ ಮುಖದಲ್ಲಿ ಕನಿಕರವಿತ್ತು.

"ಅರೇ ಭಾಯ್, ತಾರೀಕು ಹಾಕಿದ್ದು ನೀನೇ ಅಲ್ವಾ? ಮೇಲಿನ ಹತ್ತು ಸಾಲೂ ನಿನ್ನವೇ. ಆವತ್ತು ನೀನು ಆಫೀಸಲ್ಲೇ ಇರಲಿಲ್ಲ ಅಂದ್ರೆ ಆ ಹತ್ತು ಸಾಲನ್ನ ಎಲ್ಲಿ ಕೂತು ಬರೆದೆ? ಮುನಿರ್ಕಾದಲ್ಲಾ?"

ಅವನು ಚೀಟಿ ಮಡಚಿ ನನ್ನ ಅಂಗಿಯ ಜೇಬಿಗೆ ಹಾಕಿದ.

"ತಾರೀಕು ಬದಲಾಯಿಸ್ತೀನಿ. ಟೆನ್ಷನ್ ತಗೋಬೇಡ."

ಎಚ್‌ಆರ್‌ನಿಂದ ವಿಚಾರಣೆಯ ಮೀಟಿಂಗಿಗೆ ಕರೆ ಬಂತು. ಆ ಭಾನುವಾರ ಆರ್.ಕೆ. ಪುರಂಗೆ ಹೋದೆ. ಅವಳ ಅಮ್ಮ ಚಪಾತಿ ಲಟ್ಟಿಸುತ್ತಿದ್ದರು. ಅವಳು ಒಳಕೋಣೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಅವಳ ಅಪ್ಪ ಬಾಲ್ಕನಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು.

"ಫೈಲಲ್ಲಿ ಏನಿದೆ ಅಂತ ಅದು ಹೇಳಿತು," ಎಂದರು. ಮಗಳನ್ನು ಅವರು ಅದು ಎಂದೇ ಕರೆಯುತ್ತಿದ್ದದ್ದು, ಮುದ್ದಿನಿಂದ. "ನೋಟಿಂಗ್, ಅಲ್ಲಿ ಬರೆದಿರೋ ಷರಾ, ನಿಂದೇನಪ್ಪಾ?"

"ಮೇಲಿನದೆಲ್ಲ ನನ್ನದು ಅಂಕಲ್. ಕೊನೇ ಸಾಲು ನನ್ನದಲ್ಲ."

"ಇನಿಷಿಯಲ್?"

"ನನ್ನದೇ ಇದೆ. ನಾನು ಹಾಕಿದ್ದಲ್ಲ."

ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು.

"ಮೂವತ್ತು ವರ್ಷ ಫೈಲು ನೋಡಿದೀನಿ. ಆಮೇಲೆ ಸೇರಿಸಿದ ಸಾಲು ಇಂಕಿನ ಬಣ್ಣದಲ್ಲೇ ಗೊತ್ತಾಗ್ಬಿಡತ್ತೆ. ನಿಮ್ಮ ಕಂಪ್ಯೂಟರಲ್ಲಿ ಗೊತ್ತಾಗಲ್ವಾ?"

"ಗೊತ್ತಾಗಲ್ಲ. ಅದು ಎಲ್ಲರೂ ತೆರೆಯೋ ಫೋಲ್ಡರ್."

"ಚಂದ ಆಯ್ತು." ಅವರು ಕನ್ನಡಕ ತೆಗೆದು ಬನಿಯನ್ನಿಗೆ ಒರೆಸಿದರು. "ನೀನು ಹೇಳಿದ್ಯಾ ಅದಕ್ಕೆ, ಮುಚ್ಚಬೇಡ ಅಂತ?"

"ನೆನಪಿಲ್ಲ ಅಂಕಲ್. ನಿಜವಾಗ್ಲೂ."

"ನೆನಪಿಲ್ಲ ಅಂತ ಮೀಟಿಂಗಲ್ಲಿ ಹೇಳಿದ್ರೆ ಆ ಸಾಲು ನಿಲ್ಲತ್ತಪ್ಪಾ. ಫೈಲಿಗೆ ಎದುರಾಗಿ ಯಾರೂ ಮಾತಾಡಿಲ್ಲ ಅಂತ ಆಗತ್ತೆ. ನಂಗೆ ಅಷ್ಟು ಗೊತ್ತು."

ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು, ನಾನು ಜಗಳವಾಡಬಹುದಿತ್ತು. ಊಟ ಮಾಡಿಸಿ, ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ಮೀಟಿಂಗು ಬುಧವಾರ ಇತ್ತು ಎಂದು ನೆನಪು; ಗುರುವಾರವೂ ಇರಬಹುದು. ಎಚ್‌ಆರ್‌ನ ಹೆಂಗಸೊಬ್ಬರು, ಲೀಡ್, ಅವಳು, ನಾನು. ಎಚ್‌ಆರ್ ಹೆಂಗಸಿಗೆ ಕನೆಕ್ಷನ್ ಏನು, ಎಣಿಕೆ ಏನು ಎಂಬುದು ಬೇಕಿರಲಿಲ್ಲ. ಅವರ ಮುಂದೆ ಹಾಳೆಯ ಪ್ರಿಂಟ್ ಇತ್ತು. ಹನ್ನೊಂದನೇ ಸಾಲಿಗೆ ಹಳದಿ ಮಾರ್ಕರ್ ಬಳಿದಿದ್ದರು. ತಾರೀಕು ಬದಲಾಗಿತ್ತು.

ಅವಳನ್ನು ಕೇಳಿದರು: ನಿಮಗೆ ಇದನ್ನು ಹೇಳಿದ್ದರೇ?

"ಇಲ್ಲ, ಮ್ಯಾಮ್. ಯಾರೂ ಹೇಳಿಲ್ಲ. ಈ ಸಾಲು ಮೊದಲು ಇರಲಿಲ್ಲ. ಮೊದಲು ಹತ್ತೇ ಇತ್ತು."

"ನಿಮ್ಮ ಹತ್ತಿರ ಹಳೇ ಪ್ರತಿ ಇದೆಯಾ?"

"ಇಲ್ಲ." ಅವಳು ನನ್ನ ಕಡೆ ತಿರುಗಿದಳು. "ಸರ್‌ಗೆ ಗೊತ್ತು."

ನನಗೆ ಗೊತ್ತಿತ್ತು. ಹೇಳಬೇಕಾದ ವಾಕ್ಯ ಒಂದೇ: ಆ ಸಾಲು ಸುಳ್ಳು, ಮೇಲಿನ ಹತ್ತೂ ಸುಳ್ಳು, ಈ ಆಫೀಸಿನಲ್ಲಿರುವ ಎಲ್ಲ ಹಾಳೆಗಳೂ ಸುಳ್ಳು, ಅವಳೊಬ್ಬಳು ಮಾತ್ರ ಸತ್ಯ ಬರೆದು ಮೇಲ್ ಕಳಿಸಿದ್ದಾಳೆ. ಬಾಯಿಯವರೆಗೂ ಬಂದಿತ್ತು. ಲೀಡ್ ಪೆನ್ನಿನ ಕ್ಯಾಪನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದ. ಅವನಿಗೆ ನನ್ನ ಅಳತೆ ಸಿಕ್ಕಿತ್ತು.

ನಾನು ಹೇಳಿದ್ದು ಇದು: "ನಾನು ಅವರಿಗೆ ಹೇಳಿದ್ದು ನಿಜ. ಆದರೆ ತಪ್ಪಾಗಿ ಹೇಳಿದೆ. ಮುಚ್ಚಿ, ಆಮೇಲೆ ಎಣಿಕೆ ಇಳಿಸಿ ಅಂದೆ. ನನ್ನ ರೆಕಾರ್ಡರಿನ ನಿಯಮವನ್ನ ಅವರಿಗೂ ಹೇಳಿಬಿಟ್ಟೆ. ತಪ್ಪು ನನ್ನದು."

ಲೀಡ್‌ನ ಕೈಯಲ್ಲಿದ್ದ ಕ್ಯಾಪ್ ನಿಂತಿತು. ಎಚ್‌ಆರ್ ಹೆಂಗಸು ಬರೆದುಕೊಂಡರು. ನಾನು ಅವಳ ಕಡೆ ನೋಡಿದೆ, ಸಮಾಧಾನ ಕಾಣಿಸುತ್ತದೆ ಎಂದುಕೊಂಡು. ಅವಳು ನನ್ನನ್ನು ಯಾವ ಮುಖದಿಂದ ನೋಡಿದಳು ಎಂಬುದು ಮಾತ್ರ ನಾನು ಅನುಮಾನಿಸದ ನೆನಪು. ಅಷ್ಟು ತಿರಸ್ಕಾರವನ್ನು ನನ್ನ ತಲೆ ತಾನಾಗಿ ಕಲ್ಪಿಸಲಾರದು.

ಮೀಟಿಂಗ್ ಮುಗಿದು ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದಳು. ನಾನು ಹಿಂದೆ ಓಡಿದೆ. ಟೀ ಅಂಗಡಿಯ ಬಳಿ ಸಿಕ್ಕಳು. "ಭಯ್ಯಾ, ಎರಡು," ಎಂದೆ. "ಒಂದು," ಎಂದಳು ಅವಳು ಅಂಗಡಿಯವನಿಗೆ.

"ನಿನ್ನ ಕನ್ಫರ್ಮೇಷನ್ ಉಳಿಸಿದೀನಿ," ಎಂದೆ. ನಿಜವಾಗಿಯೂ ಹೀಗೆಯೇ ಅಂದೆ, ಇದೇ ಮಾತು.

"ನೀವು ಏನೂ ಹೇಳಿಲ್ಲ ನಂಗೆ. ಸರೀನೂ ಹೇಳಿಲ್ಲ, ತಪ್ಪೂ ಹೇಳಿಲ್ಲ. ನನ್ನ ಫೈಲ್ ನೀವು ಓದೇ ಇಲ್ಲ."

"ನೋಡಿದ್ದೆ. ನಿನ್ನ ಹಿಂದೆ ನಿಂತು..."

"ಓದಿದ್ರೆ ನಿಮ್ಮದೇ ಸಾಲು ಅಲ್ಲಿ ಕಾಣಿಸ್ತಿತ್ತು." ಅವಳ ಧ್ವನಿ ಏರಿತು, ಟೀ ಅಂಗಡಿಯವನು ತಲೆ ಎತ್ತಿದ. "ಆ ಕೊನೇ ಭಾಗ ನಾನು ನಿಮ್ಮ ರೆಕಾರ್ಡರಿಂದ ಕಾಪಿ ಮಾಡಿದ್ದು. ಇಲ್ಲಿ ಎಲ್ಲರೂ ಹಾಗೇ ತಾನೇ ಮಾಡೋದು, ಹೊಸಬರಿಗೆ ಸೀನಿಯರ್ ಫೈಲೇ ಪುಸ್ತಕ. ಲಾಗಿಗೆ ಬರೆಯೋ ನಿಮ್ಮ ಪ್ರಿಂಟ್ ಸಾಲು ಸಮೇತ ಕಾಪಿ ಮಾಡಿದ್ದೆ, ಪೂರಾ ಕಾ ಪೂರಾ. ಲಾಗಲ್ಲಿ ನಾಲ್ಕು ದಿನ ಬರ್ತಾ ಇತ್ತಲ್ಲ, ರೆಕಾರ್ಡರ್ ಮುಚ್ಚುತ್ತಿದೆ ಅಂತ? ಅದು ನಿಮ್ಮ ರೆಕಾರ್ಡರ್ ಅಲ್ಲ. ನನ್ನ ಚಾನೆಲ್ ಲಿಸ್ಟ್."

ಅವಳು ಅಂಗಡಿಯವನ ಕೈಯಿಂದ ಟೀ ಲೋಟ ತೆಗೆದುಕೊಂಡಳು.

"ಇದನ್ನೇ ನಾನು ಹೇಳ್ಬೇಕಿತ್ತು ಮೇಲೆ. ಯಾರೂ ಓದಲ್ಲ, ಅದಕ್ಕೇ ಸಿಗಲಿಲ್ಲ ಅಂತ. ನೀವು ಮೊದಲೇ ಹೀರೋ ಆಗಿಬಿಟ್ರಿ. ಈಗ ನಾನೇನಾದೆ ಹೇಳಿ? ನೀವು ಹೇಳಿದೆ ಅಂತೀರಾ, ಯಾರೂ ಹೇಳಿಲ್ಲ ಅಂದಿದೀನಿ ನಾನು. ಸುಳ್ಳು ಹೇಳಿದ್ದು ನಾನು ಅಂತ ಆಯ್ತು."

ಟೀ ಅರ್ಧ ಬಿಟ್ಟು ಲೋಟ ಇಟ್ಟು ಹೋದಳು.

ನಾನು ಮೇಲೆ ಹೋಗಿ ಅವಳ ಫೈಲಿನ ಹಳೆಯ ಆವೃತ್ತಿಯನ್ನು ತೆಗೆಸಿದೆ. ಇತ್ತು. ಚಾನೆಲ್ ಪಟ್ಟಿಯ ಕೊನೆಯಲ್ಲಿ, ನನ್ನದೇ ಮೂರು ಸಾಲು. ಮೊದಲನೆಯದು ರೆಕಾರ್ಡರ್ ಮುಚ್ಚುತ್ತಿದೆ ಎಂದು ಲಾಗಿಗೆ ಬರೆಯುವುದು, ಎರಡನೆಯದು ಮುಚ್ಚುವುದು, ಮೂರನೆಯದು ಎಣಿಕೆ ಇಳಿಸುವುದು. ಕುರ್ಚಿಯ ಹಿಂದೆ ನಿಂತು ಪೆನ್ಸಿಲಿನಿಂದ ತಟ್ಟಿದೆ ಎಂದು ನಾನು ಕಂಡ ಆ ಸಾಲಿನ ಮೇಲೆಯೇ ರೆಕಾರ್ಡರ್ ಎಂಬ ಪದ ಇತ್ತು. ಒಂದೇ ಒಂದು ಸಲ ಕಣ್ಣು ಹಾಯಿಸಿದ್ದರೂ ಇದೇನು ನನ್ನ ರೆಕಾರ್ಡರ್ ಇಲ್ಲೇಕೆ ಎಂದು ಕೇಳುತ್ತಿದ್ದೆ. ನಾನು ಆ ಫೈಲನ್ನು ತೆರೆದೇ ಇರಲಿಲ್ಲ. ಹತ್ತು ಟೀಕೆ ಬರೆದಿದ್ದೆ, ಸಮೋಸಾ ತಿಂದಿದ್ದೆ. ಪೆನ್ಸಿಲೂ ಇಲ್ಲ, ಹಳದಿ ದುಪಟ್ಟಾವೂ ಇಲ್ಲ, ತಲೆಯಾಡಿಸಿದ್ದೂ ಇಲ್ಲ.

ನನ್ನ ರೆಕಾರ್ಡರಿನ ಆ ಮೂರು ಸಾಲಿನ ಮೇಲೆ, ಇದು ಖಾಸಗಿ ಕನೆಕ್ಷನ್, ಅದಕ್ಕೇ ಮುಚ್ಚುತ್ತಿದ್ದೇವೆ, ಹಂಚಿಕೆಯದಾದರೆ ಮುಚ್ಚಬೇಡಿ ಎಂದು ಒಂದು ವಾಕ್ಯ ಬರೆಯಲು ಎಷ್ಟು ಹೊತ್ತು ಬೇಕಿತ್ತು? ನನಗೆ ಗೊತ್ತಿತ್ತು, ಆದ್ದರಿಂದ ಬರೆದಿರಲಿಲ್ಲ. ಅಂದು ಬರೆದೆ. ಬರೆಯುವಾಗ ಕೀಲಿಮಣೆಯನ್ನು ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಪಕ್ಕದ ಸೀಟಿನವನು, "ಮುರಿದ್ರೆ ಹೊಸದು ಕೊಡಲ್ಲ," ಎಂದ.

ಮರುದಿನ ಎಚ್‌ಆರ್‌ಗೆ ಹೋಗಿ ನಿನ್ನೆ ಹೇಳಿದ್ದು ಸರಿಯಲ್ಲ, ನಾನು ಆ ಫೈಲನ್ನು ಓದೇ ಇರಲಿಲ್ಲ ಎಂದೆ. ಆ ಹೆಂಗಸು ಸುಸ್ತಾದ ಮುಖದಿಂದ, "ನೀವು ಒಂದು ದಿನ ಒಂದು ಹೇಳ್ತೀರಿ, ಇನ್ನೊಂದು ದಿನ ಇನ್ನೊಂದು. ನಿಮಗೇ ಸರಿಯಾಗಿ ನೆನಪಿಲ್ಲ ಅನ್ಸತ್ತೆ," ಎಂದರು. ನನ್ನ ಹೊಸ ಹೇಳಿಕೆಯನ್ನು ಬರೆದುಕೊಳ್ಳಲಿಲ್ಲ. ಮೊದಲನೆಯದು ಫೈಲಿನಲ್ಲಿ ಸೇರಿಹೋಗಿತ್ತು.

ಅವಳ ಪ್ರೊಬೇಷನ್ ಮೂರು ತಿಂಗಳು ವಿಸ್ತರಿಸಿದರು, ಆಮೇಲೆ ಕನ್ಫರ್ಮ್ ಆಯಿತು. ಕೆಲಸ ಉಳಿಯಿತು. ಲೀಡ್ ಮುಂದಿನ ಆಡಿಟ್‌ಗೆ ಹೊಸ ನಿಯಮ ತಂದ: ಫೈಲಿಗೆ ಹನ್ನೆರಡು ಸಾಲು. ಅದಕ್ಕೆ ಅವನಿಗೆ ಮೇಲಿನಿಂದ ಮೆಚ್ಚುಗೆಯ ಮೇಲ್ ಬಂತು, ನಮಗೆಲ್ಲ ಅದರ ಪ್ರತಿ ಬಂತು. ಹಾಳೆ ತುಂಬುವ ಆ ಮಧ್ಯಾಹ್ನ ಅವಳು ಮಾತ್ರ ತನ್ನ ಪಾಲಿನ ಫೈಲುಗಳನ್ನು ಒಂದೊಂದಾಗಿ ತೆರೆದು ಓದುತ್ತಾ ಕೂತಿದ್ದಳು. ಎರಡು ಸಾಲು ಸಿಕ್ಕಿದರೆ ಎರಡೇ ಬರೆಯುತ್ತಿದ್ದಳು. ಲೀಡ್ ಬಂದು ಎಷ್ಟು ಹೇಳಿದರೂ ಮೂರನೆಯದು ಬರೆಯಲಿಲ್ಲ. ಉಳಿದದ್ದನ್ನು ಅವನೇ ತುಂಬಿಕೊಂಡಿರಬೇಕು.

ಆ ವರ್ಷ ದಸರಾಕ್ಕೆ ಅವಳ ಅಪ್ಪ ಫೋನು ಮಾಡಿ ಊಟಕ್ಕೆ ಕರೆದರು. ಹೋಗಬಾರದೆಂದುಕೊಂಡು ಹೋದೆ. ಎಲೆಯ ಬದಲು ಸ್ಟೀಲ್ ತಟ್ಟೆ, ಗೊಂಬೆಗಳ ಮುಂದೆ ನೆಲದ ಮೇಲೆ ಸಾಲಾಗಿ ಕೂತಿದ್ದೆವು. ಅವಳು ಬಡಿಸುತ್ತಾ ನನ್ನ ಮುಂದೆ ಬಂದು ಬಗ್ಗಿದಳು.

"ಹುಳಿ ಹಾಕ್ಲಾ, ಸರ್?"

ಅವಳ ಅಮ್ಮ ನಕ್ಕರು. "ಮನೇಲೂ ಸರ್ ಅಂತೀಯಲ್ಲೇ! ಅಣ್ಣ ಅನ್ನೋದು ಮರೆತುಹೋಯ್ತಾ?"

ಅವಳು ಸೌಟು ನನ್ನ ತಟ್ಟೆಯ ಮೇಲೆ ಹಿಡಿದು ಕಾದಳು. ಅವಳ ಅಪ್ಪ ತಲೆ ಎತ್ತಿದರು. ನೋಡಿದ್ದು ಮಗಳನ್ನಲ್ಲ, ನನ್ನನ್ನು.

"ಹಾಕು," ಎಂದೆ.